ಹದಿನೈದು ಬಾಟಲಿ

ಲೆಕ್ಕ ಮೊದಲು.
ಚಮಚಕ್ಕೆ ನೂರು ಮಿಲಿಗ್ರಾಂ, ಬಾಟಲಿಗೆ ಇಪ್ಪತ್ತು ಚಮಚ.
ಮುನ್ನೂರು ಕೆ.ಜಿ. ಕುದುರೆಗೆ ಮೂವತ್ತು ಗ್ರಾಂ ಬೇಕು.
ಅಂದರೆ ಹದಿನೈದು ಬಾಟಲಿ ಕೆಮ್ಮಿನ ಔಷಧ,
ಸಕ್ಕರೆ, ಕೆಂಪು ಬಣ್ಣ, ಮುಚ್ಚಳದ ಅಂಟು ಬಿಟ್ಟು.

ಇದನ್ನು ಹೇಳಿದಾಗ ನಕ್ಕವರು
ಡಾಕ್ಟರ್ ವೈಜಯಂತಿ ಮಹಾಲೆ ಒಬ್ಬರೇ.
ಇಲ್ಯಾಸ್ ನಗಲಿಲ್ಲ. ಅವನ ಚಾಂದನಿ,
ಕಾರವಾರದ ಬೀಚಿನಲ್ಲಿ ಸುತ್ತಿಗೆ ಐವತ್ತು ರೂಪಾಯಿಯ ಹೆಣ್ಣುಕುದುರೆ,
ಮುಂದೊಡೆ ಬಾಯ್ತೆರೆದಂತೆ ಸೀಳಿಕೊಂಡು
ಗಾಳಿಮರದ ನೆರಳಲ್ಲಿ ಮೂರೇ ಕಾಲೂರಿ ನಿಂತಿತ್ತು.
ಹತ್ತು ಮಾರು ಆಚೆ, ಮರಳಲ್ಲಿ ಅರ್ಧ ಹೂತ ಲಂಗರು.
ಯಾರದೋ, ಎಂದರು ಎಲ್ಲರೂ.
ಕೊಂಡಿಯ ಹಸಿರು ಹಗ್ಗದ ಗಂಟು ನನಗೆ ಗೊತ್ತು.
ಅಪ್ಪ ಅದನ್ನು ಕಲಿಸಿದ್ದು ಇಬ್ಬರಿಗೆ ಮಾತ್ರ.

ಬಿಳಿ ಪುಡಿ. ಗಣಪಿಯ ಚಹಾಗಾಡಿಯ ಸ್ಟೋವಿನ ಮೇಲೆ
ಸೀಸೆಯನ್ನು ನೀರಲ್ಲಿಟ್ಟು ಬಿಸಿ ಮಾಡಿದೆವು.
ಬೆಚ್ಚಗಿದ್ದಷ್ಟು ಹೊತ್ತು ಕರಗಿರುತ್ತದೆ,
ತಣಿದರೆ ತಳದಲ್ಲಿ ಸೂಜಿಸೂಜಿಯಾಗಿ ಕೂರುತ್ತದೆ.
ಬೇಗ, ಎಂದರು ಡಾಕ್ಟರು.

ಮೊದಲ ಇಂಜೆಕ್ಷನ್ನಿಗೆ ಕುದುರೆಯ ತಲೆ ಜೋತಿತು,
ತುಟಿ ಇಳಿಯಿತು, ಯಾವುದೋ ಮಾತು ಮರೆತ ಮುದುಕಿಯಂತೆ.
ಆಮೇಲೆ ಕೊರಳ ನರಕ್ಕೆ ಇದು.
"ಒತ್ತು ದಾಮು, ಚೀಲ ಒತ್ತು."
ಎರಡೂ ಕೈಯಿಂದ ಒತ್ತಿದೆ.
ಇನ್ನೂರು ಮಿಲಿಗೆ ಮೊಣಕಾಲು ಮಿಡುಕಿತು,
ನಾನೂರಕ್ಕೆ ಅಲೆಯ ಮೇಲಿನ ದೋಣಿಯಾಗಿ ತೂಗಿತು.
"ಕುದುರೆ ಕುಡಿದಿದೆ!" ಎಂದ ಯಾರದೋ ಹುಡುಗ.

ಆಗ ಗುಂಪು ಸೀಳಿಕೊಂಡು ಬಂದ ಪುರ್ಸು,
ನನ್ನಣ್ಣ, ಇಂಜಿನ್ ಮಾರಿದ ದುಡ್ಡಿನ ಜಗಳದಿಂದ
ಎರಡು ವರ್ಷ ಎರಡು ತಿಂಗಳಾಯಿತು ಮಾತಿಲ್ಲ.
ಏನೂ ಹೇಳದೆ ತಲೆಹಗ್ಗ ಹಿಡಿದ.
ಡಾಕ್ಟರು ಕೊನೆಯ ಸೂಜಿ ಕೊಟ್ಟರು.
ಚಾಂದನಿ ಮಡಚಿಕೊಂಡು ಮರಳಿಗೆ ಬಿತ್ತು,
ಅಷ್ಟು ದೊಡ್ಡ ತಲೆ ಅವನ ತೊಡೆಯ ಮೇಲೆ.

"ಇದು ನೋವಿನ ಮದ್ದಲ್ಲ, ಅದಕ್ಕೆ ಬೇರೆ ಇದೆ,"
ಹೊಲಿಯುತ್ತಲೇ ಹೇಳಿದರು ಡಾಕ್ಟರು, ಯಾರೂ ಕೇಳಿರಲಿಲ್ಲ.
"ಬೆನ್ನುಹುರಿಯೊಳಗೆ ನರ ನರಕ್ಕೆ ಹೇಳೋ ಮಾತನ್ನ
ಒಂದಷ್ಟು ಹೊತ್ತು ತಡೀತದೆ. ಬಿಗಿ ಬಿಡ್ತದೆ.
ವಪೆಗೆ ಮಾತ್ರ ಹೆಚ್ಚು ತೊಂದರೆ ಕೊಡೋದಿಲ್ಲ.
ಉಸಿರು ನೋಡು, ದಾಮು, ಉಸಿರು."
ನೋಡಿದೆ. ನಿಮಿಷಕ್ಕೆ ಹನ್ನೊಂದು.
ಪಕ್ಕೆ ಏರಿತು, ಇಳಿಯಿತು,
ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಬಿಸಿಲಲ್ಲಿ ನಡುಗುತ್ತಿತ್ತು.

ಪುರ್ಸು ಕೆಮ್ಮಿದ.
ಬೀಡಿ, ಡೀಸೆಲ್ ಹೊಗೆ, ನಲವತ್ತು ವರ್ಷದ ಉಪ್ಪುಗಾಳಿ,
ಎದೆಯೊಳಗೆ ಯಾರೋ ಕಲ್ಲಿನ ಮೇಲೆ ಬುಟ್ಟಿ ಎಳೆದಂತೆ.
ಮತ್ತೆ ಕೆಮ್ಮಿದ. ಕುದುರೆ ಅಲುಗೀತೆಂದು
ಬಾಯಿ ಮುಚ್ಚಿ ಕೆಮ್ಮನ್ನು ಒಳಗೇ ನುಂಗಿದ. ಕಣ್ಣಲ್ಲಿ ನೀರು ಬಂತು.
ನನ್ನ ಜೇಬಲ್ಲಿ ನನ್ನದೇ ಬಾಟಲಿ ಇತ್ತು.
ಮುಚ್ಚಳಕ್ಕೆ ಬಗ್ಗಿಸಿ ಅವನ ಮುಂದೆ ಹಿಡಿದೆ.
ಅವನ ಎರಡು ಕೈಯೂ ಕುದುರೆಯ ದವಡೆಯ ಕೆಳಗೆ.
ನಾನೇ ಕುಡಿಸಬೇಕಾಯಿತು.

"ಸಿಹಿ ಜಾಸ್ತಿ," ಎಂದ.

ಹತ್ತೊಂಬತ್ತು ಹೊಲಿಗೆ.
ಅರ್ಧ ಗಂಟೆಯ ಮೇಲೆ ಕಿವಿ ಹೊರಳಿತು,
ಮುಂಗಾಲು ಚಾಚಿ, ಎರಡು ಸಲ ತಪ್ಪಿ,
ಮೂರನೆಯ ಸಲಕ್ಕೆ ಎದ್ದು ನಿಂತಿತು ಚಾಂದನಿ.
ಮೈತುಂಬ ಮರಳು. ಇಲ್ಯಾಸ್ ಅದರ ಕೊರಳಿಗೆ ಹಣೆಯೊತ್ತಿ
ಏನೋ ಗೊಣಗಿದ, ಬೈಗುಳವೂ ಇರಬಹುದು.
ಪುರ್ಸು ಮರಳು ಕೊಡವಿಕೊಂಡು ಹೊರಟ.
ಲಂಗರಿನ ಮಾತು ಅವನೂ ಎತ್ತಲಿಲ್ಲ, ನಾನೂ.

ಮರುದಿನ ಆಸ್ಪತ್ರೆಯಲ್ಲಿ ಸೀಸೆ ತೊಳೆಯಲು ಹೋದರೆ
ಉಳಿದ ಮದ್ದು ಹರಳುಗಟ್ಟಿತ್ತು, ತಳಕ್ಕೆ ಕಚ್ಚಿಕೊಂಡು.
ಚೆಲ್ಲುವುದೇ ಸರಿ. ಆದರೂ ಸುಮ್ಮನೆ
ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು ನೋಡುತ್ತ ನಿಂತೆ.

ಸಂಜೆ ಬೀಚಿಗೆ ಹೋದೆ.
ಲಂಗರು ಇದ್ದ ಕಡೆ ಒಂದು ಗುಂಡಿ, ಅದರಲ್ಲಿ ನೀರು.
ಇಲ್ಯಾಸನ ಡಬ್ಬಿಯಲ್ಲಿ ಯಾರೋ ಎರಡು ಸಾವಿರ ಹಾಕಿ ಹೋಗಿದ್ದರಂತೆ.
ನೋಟಿಗೆ ಮೀನಿನ ವಾಸನೆ, ಎಂದ.